ಹಳೇ ಬ್ರಿಟಿಷ್ ಪೆನ್ನಿ ಹುಡುಕುವವರೇ, ‘ಕೆಎನ್?’ ಅಂತ ಬರೆದ ಚೀಟಿ ಕಂಡರೆ ಹುಷಾರು

ಇಂಗ್ಲೆಂಡಿನಲ್ಲಿದ್ದುಕೊಂಡು, ಶನಿವಾರ ಬಂತೆಂದರೆ ನಾಣ್ಯದಂಗಡಿಯ ಅಗ್ಗದ ಡಬ್ಬಿಗೆ ಕೈ ಹಾಕುವ ಚಟ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಅಂಗಡಿಯವನು ನನಗೆ ಟೋಪಿ ಹಾಕಿದ್ದಾನೆ. ಹೋದದ್ದು 55 ಪೌಂಡ್, ಮನೆ ಮುಳುಗುವ ಮೊತ್ತವೇನಲ್ಲ. ಆದರೆ ಆ ಟೋಪಿ ಎಷ್ಟು ಅಚ್ಚುಕಟ್ಟಾಗಿ ಹೊಲಿದದ್ದೆಂದರೆ ಇನ್ನೂ ಹತ್ತಾರು ತಲೆಗಳಿಗೆ ಸರಿಯಾಗಿ ಕೂರುತ್ತದೆ.

ಹೊಸಬರಿಗೆ ಎರಡು ಮಾತು. 1971ರ ಫೆಬ್ರವರಿ 15ರಂದು ಬ್ರಿಟನ್ ದಶಮಾಂಶ ಪದ್ಧತಿಗೆ ಬಂತು. ಅದಕ್ಕೂ ಮುಂಚೆ ಪೌಂಡಿಗೆ 240 ಪೆನ್ನಿ. 1860ರಿಂದ ಅದನ್ನು ಕಂಚಿನಲ್ಲಿ ಅಚ್ಚು ಹಾಕುತ್ತಿದ್ದರು. ಸುಮಾರು 31 ಮಿಲಿಮೀಟರ್ ಅಗಲ, 9.4 ಗ್ರಾಂ ತೂಕ, ಕೈಯಲ್ಲಿಟ್ಟರೆ ದುಡ್ಡು ಅನ್ನಿಸುವಂಥ ದುಡ್ಡು. ಅಚ್ಚಾದದ್ದಕ್ಕೆ ಲೆಕ್ಕವಿಲ್ಲ. 1967ರ ಇಸವಿ ಹೊತ್ತವೇ 65 ಕೋಟಿಗಿಂತ ಹೆಚ್ಚು. ಹಾಗಾಗಿಯೇ ಇವತ್ತಿಗೂ ಅಂಗಡಿಗಳ ಬಾಗಿಲಲ್ಲಿ ಟ್ರೇಗಟ್ಟಲೆ ಬಿದ್ದಿರುತ್ತವೆ.

ನಾವು ಆ ರಾಶಿ ಕೆದಕುವುದು ಇಸವಿಯ ಎಡಪಕ್ಕದ ಪುಟ್ಟ ಅಕ್ಷರಗಳಿಗಾಗಿ. 1912, 1918, 1919ರಲ್ಲಿ ಲಂಡನ್ನಿನ ಟಂಕಸಾಲೆ ಒಂದಷ್ಟು ಪೆನ್ನಿಗಳನ್ನು ಹೊರಗೆ, ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿಸಿತು. ಹೀಟನ್ ಅವರ ಟಂಕಸಾಲೆಯಲ್ಲಿ ಆದದ್ದಕ್ಕೆ ‘ಎಚ್’ ಗುರುತು. ಕಿಂಗ್ಸ್ ನಾರ್ಟನ್ ಮೆಟಲ್ ಕಂಪನಿ 1918 ಮತ್ತು 1919ರಲ್ಲಿ ಮಾತ್ರ ಮಾಡಿಕೊಟ್ಟಿತು, ಅದಕ್ಕೆ ‘ಕೆಎನ್’. ಈ ಕೆಎನ್ ಸುಲಭಕ್ಕೆ ಸಿಗುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನ ದಕ್ಷಿಣ ಭಾಗದಲ್ಲಿ ಮನೆ ಮಾಡಿಕೊಂಡಿರುವ ನನಗೆ, ನಮ್ಮ ಬಡಾವಣೆಯ ಹೆಸರು ಹೊತ್ತ ನಾಣ್ಯ ಒಂದಾದರೂ ಇರಲಿ ಅಂತ ಆಸೆ.

ಆ ಅಂಗಡಿಯ ಟ್ರೇನಲ್ಲಿ ಬಿಡಿ ನಾಣ್ಯಗಳ ನಡುವೆ, ಅರ್ಧ ಹೂತುಹೋದ ಹಾಗೆ, ಒಂದು ರಟ್ಟಿನ ಚೌಕ ಇತ್ತು. ನಡುವಿನ ಕಿಂಡಿಗೆ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಪಿನ್ನು. ಮೇಲೆ ಪೆನ್ಸಿಲ್ಲಿನಲ್ಲಿ ‘1919 ಕೆಎನ್? 30 ಪೌಂಡ್’ ಅಂತ ಬರೆದಿತ್ತು. ಆ ಪ್ರಶ್ನೆ ಚಿಹ್ನೆಯೇ ಗಾಳ. ಅಂಗಡಿಯವನಿಗೇ ಸರಿಯಾಗಿ ಗೊತ್ತಿಲ್ಲ, ಗೊತ್ತಿರುವುದು ನನಗೆ ಅಂತ ಗಿರಾಕಿಗೆ ಅನ್ನಿಸಬೇಕು. ಪಿನ್ನು ತೆಗೆದು ಭೂತಗನ್ನಡಿಯಲ್ಲಿ ನೋಡಬಹುದೇ ಅಂತ ಕೇಳಿದೆ. ಪಿನ್ನು ಬಿಚ್ಚಿದರೆ ಕೊಂಡ ಹಾಗೇ ಅಂದ. ಪ್ಲಾಸ್ಟಿಕ್ ಮಬ್ಬಾಗಿತ್ತು, ಗೀರು ಬಿದ್ದಿತ್ತು, ಆದರೆ ಎರಡು ಅಕ್ಷರ ಇರುವುದಂತೂ ಕಾಣುತ್ತಿತ್ತು. ಟ್ರೇ ಮಾಲಿಗೆ ಕಾರ್ಡ್ ನಡೆಯುವುದಿಲ್ಲ, ನಗದು ಮಾತ್ರ ಅಂದ. ಕೊಟ್ಟೆ.

ಮನೆಯಲ್ಲಿ ಬಿಚ್ಚಿ ನೋಡಿದರೆ ನಾಣ್ಯದ ಮೇಲೆ ಬ್ರಿಟನ್ನಿನ ಸಂಕೇತವಾಗಿ ಕೂತಿರುವ ಹೆಣ್ಣು ಬ್ರಿಟಾನಿಯಾಳ ಮುಖ ಸವೆದು ನುಣ್ಣಗಾಗಿದೆ, ಕೈಯ ತ್ರಿಶೂಲ ಮಾಸಿದೆ, ಆದರೆ ಈ ಎರಡು ಅಕ್ಷರಗಳು ಮಾತ್ರ ನಿನ್ನೆ ಕೊರೆದ ಹಾಗೆ ಚೂಪಾಗಿವೆ. ಐವತ್ತು ವರ್ಷ ಜೇಬಿನಿಂದ ಜೇಬಿಗೆ ಓಡಾಡಿದ ನಾಣ್ಯದಲ್ಲಿ ಎಲ್ಲವೂ ಜೊತೆಯಲ್ಲೇ ಸವೆಯಬೇಕು. ಸುತ್ತಲಿನ ಕಂದು ಬಣ್ಣವೂ ಅಲ್ಲಿ ಮಾತ್ರ ಒಂದು ಕೈ ಹೆಚ್ಚು ದಟ್ಟ. ಗಾಜಿನ ಬಟ್ಟಲಿಗೆ ಅಪ್ಪಟ ಅಸಿಟೋನ್ ಸುರಿದು ನಾಣ್ಯ ಮುಳುಗಿಸಿಟ್ಟೆ. ಅಸಿಟೋನ್ ಕಂಚಿಗೆ ಏನೂ ಮಾಡುವುದಿಲ್ಲ, ಅಂಟನ್ನು ಮಾತ್ರ ಕರಗಿಸಿಬಿಡುತ್ತದೆ. ಸ್ವಲ್ಪ ಹೊತ್ತಿಗೆ ದ್ರವ ತಿಳಿ ಚಹಾದ ಬಣ್ಣಕ್ಕೆ ತಿರುಗಿತು. ‘ಕೆ’ ಅಕ್ಷರದ ಒಂದು ಕಾಲು ಮೇಲೆದ್ದಿತ್ತು. ಸೂಜಿ ಮೊನೆ ತಾಗಿಸಿದೆ, ‘ಎನ್’ ಇಡಿಯಾಗಿ ಕಳಚಿ ಬಟ್ಟಲಿನ ತಳ ಸೇರಿತು. ತಾಮ್ರದ ತಗಡಿನಿಂದ ಕತ್ತರಿಸಿದ್ದು, ಸಾಸಿವೆ ಕಾಳಿಗಿಂತ ಚಿಕ್ಕದು. ಕಳ್ಳನ ಕೈಚಳಕಕ್ಕೆ ಒಂದು ನಮಸ್ಕಾರ. ಗುರುತಿಲ್ಲದ ಸಾಮಾನ್ಯ 1919 ಪೆನ್ನಿ 11 ಕೋಟಿಗೂ ಹೆಚ್ಚು ಅಚ್ಚಾಗಿದೆ, ಅಂಥವನಿಗೆ ಕಚ್ಚಾ ಮಾಲಿನ ಕೊರತೆ ಇಲ್ಲ.

ಅದೇ ದಿನ ಕೊಂಡ 25 ಪೌಂಡಿನ ಚೀಲದ್ದು ಇನ್ನೊಂದು ಕಥೆ. ಒಂದು ಕಿಲೋ, ಎಂದರೆ ನೂರಕ್ಕಿಂತ ಸ್ವಲ್ಪ ಹೆಚ್ಚು ಪೆನ್ನಿ, ಬಾಯಿಗೆ ಟೇಪು. ತೀರಿಕೊಂಡ ಅಜ್ಜಿಯೊಬ್ಬರ ಮನೆಯದು, 1965ರಲ್ಲಿ ಕಟ್ಟಿಟ್ಟಿದ್ದು, ಯಾರೂ ಕೈ ಹಾಕಿಲ್ಲ ಅಂತ ವರ್ಣನೆ. ಬಿಚ್ಚಿದರೆ 1966, 1967ರ ನಾಣ್ಯಗಳೇ ರಾಶಿ! 1965ರಲ್ಲಿ ಕಟ್ಟಿದ ಗಂಟಿನೊಳಗೆ ಅವು ಹೊಕ್ಕದ್ದು ಹೇಗೋ, ಆ ಅಜ್ಜಿಯೇ ಬಂದು ಹೇಳಬೇಕು. ಅರವತ್ತರ ದಶಕದಲ್ಲಿ ಮುಟ್ಟದೆ ಬಿಟ್ಟ ಗಂಟಿನಲ್ಲಿ ತುರುಬು ಕಟ್ಟಿದ ಎಳೆಯ ವಿಕ್ಟೋರಿಯಾ ರಾಣಿಯ ಚಿತ್ರವಿರುವ ಹಳೇ ಪೆನ್ನಿ ಒಂದೆರಡಾದರೂ ಇರಬೇಕಿತ್ತು, 1912ರ ‘ಎಚ್’ ಇರಬೇಕಿತ್ತು. ಒಂದೂ ಇಲ್ಲ. ಸೋಸಿದ ಮೇಲೆ ಉಳಿದ ಚರಟಕ್ಕೆ ‘ಯಾರೂ ನೋಡಿಲ್ಲ’ ಅಂತ ಚೀಟಿ ಅಂಟಿಸಿದ್ದಾರೆ, ಅಷ್ಟೇ. ನಡುವೆ ಕೆಲವು ಪೆನ್ನಿ ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಯ ಹಾಗೆ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿದ್ದವು. ಅವುಗಳಲ್ಲಿ 1945ರದ್ದೂ ಇತ್ತು. 1944ರಿಂದ 46ರವರೆಗಿನ ಪೆನ್ನಿಗಳನ್ನು ಟಂಕಸಾಲೆಯೇ ಬೇಕಂತ ಕಪ್ಪಾಗಿಸಿ ಹೊರಗೆ ಬಿಟ್ಟಿತ್ತು. ಅವು ಫಳಫಳ ಹೊಳೆದರೆ ಯಾರೋ ಆಮ್ಲದಲ್ಲಿ ಅದ್ದಿದ್ದಾರೆ ಎಂದೇ ಅರ್ಥ. ಹಾಗೆ ತೊಳೆದದ್ದನ್ನು ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ.

ವಾಪಸ್ ಒಯ್ದೆ. ಕಳಚಿದ ಅಕ್ಷರವನ್ನು ಕಾಗದದಲ್ಲಿ ಮಡಿಸಿ ತೋರಿಸಿದೆ. ‘ನಾನು ಕೆಎನ್ ಅಂತ ಹೇಳಿಯೇ ಇಲ್ಲ, ಪ್ರಶ್ನೆ ಚಿಹ್ನೆ ಹಾಕಿದ್ದೆನಲ್ಲ’ ಅಂದ. ಚೀಲದ ಮಾತೆತ್ತಿದರೆ, ತನಗೆ ಮಾರಿದವರು ಹೇಳಿದ್ದನ್ನೇ ತಾನು ಹೇಳಿದ್ದಂತೆ. ಕೊಟ್ಟಿದ್ದ ರಸೀದಿಯಲ್ಲಿ ‘ಹಳೇ ನಾಣ್ಯ’ ಅಂತಷ್ಟೇ ಇತ್ತು. ಗೋಡೆಗೆ ‘ಟ್ರೇ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು. ಮಾತು ಮುಗಿಸಿ ಹೊರಡುವಾಗ ಟ್ರೇ ಕಡೆ ಕಣ್ಣು ಹೋಯಿತು. ಅದೇ ಕೈಬರಹದ, ಅದೇ ಪ್ರಶ್ನೆ ಚಿಹ್ನೆಯ ಇನ್ನೊಂದು ರಟ್ಟು, ಅದೇ ರೀತಿ ಅರ್ಧ ಹೂತುಕೊಂಡು ಕೂತಿದೆ. ಈ ಸಲ 1918.

ಆ ಬೋರ್ಡಿಗೆ ಬೆಲೆ ಇಲ್ಲ ಅನ್ನುವುದು ಗೊತ್ತಿರಲಿ. ವ್ಯಾಪಾರಿ ಮಾರಿದ ವಸ್ತು ಅವನು ವರ್ಣಿಸಿದಂತೆ ಇಲ್ಲದಿದ್ದರೆ 30 ದಿನದೊಳಗೆ ಹಿಂತಿರುಗಿಸಿ ಪೂರ್ತಿ ಹಣ ಕೇಳುವ ಹಕ್ಕನ್ನು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಕೊಡುತ್ತದೆ, ಯಾವ ಬೋರ್ಡೂ ಅದನ್ನು ಕಿತ್ತುಕೊಳ್ಳಲಾರದು. ತೊಡಕು ಇರುವುದು ‘ವರ್ಣಿಸಿದಂತೆ’ ಎಂಬಲ್ಲಿ. ಪ್ರಶ್ನೆ ಚಿಹ್ನೆ, ಬರೀ ‘ಹಳೇ ನಾಣ್ಯ’ ಎಂಬ ರಸೀದಿ, ನಗದು ಮಾತ್ರ ಎಂಬ ನಿಯಮ, ಮೂರೂ ಸೇರಿ ಕಟ್ಟಿದ ಬೇಲಿ ಅದು. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಮೂಲಕ ಹಣ ಹಿಂದಕ್ಕೆ ಕೇಳಬಹುದಿತ್ತು. ಗ್ರಾಹಕರಿಗೆ ಸಲಹೆ ಕೊಡುವ ಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ಗೆ ದೂರು ಕೊಟ್ಟಿದ್ದೇನೆ. ಅಲ್ಲಿಂದ ಅದು ವ್ಯಾಪಾರಿಗಳ ಮೇಲೆ ಕಣ್ಣಿಡುವ ಸ್ಥಳೀಯ ಆಡಳಿತದ ವಿಭಾಗ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ಹೋಗುತ್ತದೆ.

ಅಂದ ಹಾಗೆ, ಟ್ರೇನಲ್ಲಿ 1933ರ ಪೆನ್ನಿ ಸಿಕ್ಕರೆ ಕುಣಿಯಬೇಡಿ. ಆ ವರ್ಷ ಚಲಾವಣೆಗೆಂದು ಪೆನ್ನಿ ಅಚ್ಚು ಹಾಕಲೇ ಇಲ್ಲ. ಕಟ್ಟಡಗಳ ಅಡಿಗಲ್ಲಿನ ಕೆಳಗೆ ಇಡಲು, ಮ್ಯೂಸಿಯಮ್ಮಿಗೆ ಕೊಡಲು ಅಂತ ಮಾಡಿದ್ದು ಬೆರಳೆಣಿಕೆಯಷ್ಟು. ಲೀಡ್ಸ್‌ನ ಮಿಡಲ್ಟನ್ ಚರ್ಚಿನ ಅಡಿಗಲ್ಲು ಕಿತ್ತು ಅದರ ಕೆಳಗಿನ ಪೆನ್ನಿಯನ್ನು 1970ರಲ್ಲಿ ಕದ್ದೇ ಹೋದರು. ಅಂಥದ್ದು ಅಗ್ಗದ ಡಬ್ಬಿಗೆ ಬಂದು ಬೀಳುವುದಿಲ್ಲ. ಊರಿನಿಂದ ‘ಹಳೇ ನಾಣ್ಯಕ್ಕೆ ಲಕ್ಷ ಕೊಡ್ತಾರಂತೆ’ ಎಂಬ ವಾಟ್ಸಾಪ್ ಬಂದರೂ ಅಷ್ಟೇ. ತನ್ನ ಹೆಸರು ಹೇಳಿ ಹೀಗೆ ಕಮಿಷನ್ ಕೀಳುತ್ತಾರೆ, ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಕೊಟ್ಟಿತ್ತು.

ಟ್ರೇ ಕೆದಕುವುದನ್ನು ಬಿಡಿ ಅನ್ನುತ್ತಿಲ್ಲ, ನಾನೂ ಬಿಟ್ಟಿಲ್ಲ. ಬಿಡಿ ನಾಣ್ಯಗಳಿಗೆ ಚಿಲ್ಲರೆ ಕೊಟ್ಟು ತನ್ನಿ. ಪಿನ್ನು ಹೊಡೆದು ಬೆಲೆ ಬರೆದದ್ದಾದರೆ, ಬಿಚ್ಚಿ ತೋರಿಸಿ ಅನ್ನಿ, ರಸೀದಿಯಲ್ಲಿ ‘1919 ಕೆಎನ್ ಪೆನ್ನಿ’ ಅಂತ ಪ್ರಶ್ನೆ ಚಿಹ್ನೆ ಇಲ್ಲದೆ ಬರೆದುಕೊಡಿ ಅನ್ನಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲೇ ಇಟ್ಟು ಬನ್ನಿ. ಈಗಾಗಲೇ ಇಂಥ ಪೆನ್ಸಿಲ್ ಚೀಟಿಯ ರಟ್ಟು ಕೊಂಡವರು ಅದನ್ನು ಎಸೆಯಬೇಡಿ, ನಾಣ್ಯದ ಜೊತೆ ಅದನ್ನೂ ತೆಗೆದಿಟ್ಟು ದೂರು ಕೊಡಿ. ಒಂದೇ ಕೈಬರಹದ ಚೀಟಿ ನಾಲ್ಕು ಕಡೆಯಿಂದ ಬಂದರೆ ‘ನನಗೆ ಗೊತ್ತಿರಲಿಲ್ಲ’ ಅನ್ನುವುದು ಅವನಿಗೂ ಕಷ್ಟವಾಗುತ್ತದೆ.