ಯೂಲೀನ್ ಲೌಡ್‌ನೆಸ್ ಮೀಟರ್: ಹಾಡು ಅಪ್‌ಲೋಡ್ ಮಾಡೋ ಮುಂಚೆ ಇದನ್ನ ಒಂದ್ಸಲ ನೋಡಿ

ಮನೇಲೇ ರೆಕಾರ್ಡ್ ಮಾಡಿ ಸ್ಪಾಟಿಫೈ, ಯೂಟ್ಯೂಬ್‌ಗೆ ಹಾಡು ಹಾಕೋ ನಮ್ಮಂಥವರಿಗೆ, ಪುಕ್ಕಟೆ ಸಿಗೋ ಪ್ಲಗಿನ್‌ಗಳಲ್ಲಿ (ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಸೇರಿಸ್ಕೊಳ್ಳೋ ಪುಟ್ಟ ಸಾಫ್ಟ್‌ವೇರ್) ಇದಕ್ಕಿಂತ ಉಪಯೋಗಕ್ಕೆ ಬರೋದು ನಾನಂತೂ ನೋಡಿಲ್ಲ. ಯೂಲೀನ್ ಲೌಡ್‌ನೆಸ್ ಮೀಟರ್ 2, ಫ್ರೀ ವರ್ಷನ್. ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡುತ್ತೆ. ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್ ಇರ್ಲಿ ಎಫ್‌ಎಲ್ ಸ್ಟುಡಿಯೋ ಇರ್ಲಿ, ಮಾಸ್ಟರ್ ಟ್ರ್ಯಾಕ್‌ನಲ್ಲಿ (ಎಲ್ಲ ಟ್ರ್ಯಾಕೂ ಬಂದು ಸೇರೋ ಕಡೆ) ಎಲ್ಲಕ್ಕಿಂತ ಕೊನೇಲಿ ಹಾಕಿ, ರೀಸೆಟ್ ಒತ್ತಿ, ಹಾಡು ಪೂರ್ತಿ ಪ್ಲೇ ಮಾಡಿದ್ರೆ ಆಯ್ತು. ಸೌಂಡನ್ನ ಒಂಚೂರೂ ಮುಟ್ಟಲ್ಲ, ಹಾಡು ಎಷ್ಟು ಜೋರಿದೆ ಅಂತ ಬರೀ ಅಳೆದು ತೋರಿಸುತ್ತೆ.

ಇದು ಯಾಕೆ ಬೇಕು ಅಂದ್ರೆ, ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನ -14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನಿಸುತ್ತೆ ಅನ್ನೋದರ ಅಳತೆ, ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು) ಮಟ್ಟಕ್ಕೆ ತಂದು ಕೇಳಿಸುತ್ತೆ, ಆಪಲ್ ಮ್ಯೂಸಿಕ್‌ನಲ್ಲಿ ಸೌಂಡ್ ಚೆಕ್ ಅನ್ನೋ ಸೆಟ್ಟಿಂಗ್ ಆನ್ ಇದ್ರೆ -16ರ ಆಸುಪಾಸು, ಯೂಟ್ಯೂಬೂ ತುಂಬಾ ಜೋರಿರೋದನ್ನ ಇಳಿಸುತ್ತೆ. ನನ್ನ ಸ್ನೇಹಿತರೊಬ್ಬರು ತಮ್ಮ ಭಾವಗೀತೆನ ಒಂದು ಸ್ಟುಡಿಯೋದಲ್ಲಿ ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೇ ಹದ) ಮಾಡಿಸಿದ್ರು, ಅದನ್ನ ಈ ಮೀಟರ್‌ಗೆ ಹಾಕಿದ್ರೆ ಇಂಟಿಗ್ರೇಟೆಡ್ (ಹಾಡಿನ ಒಟ್ಟು ಮಟ್ಟ) ಅನ್ನೋ ಜಾಗದಲ್ಲಿ -8 ಬಂತು, ಟ್ರೂ ಪೀಕ್ (ಸೌಂಡ್ ಏಳೋ ಅತಿ ಎತ್ತರದ ಬಿಂದು, ಡೆಸಿಬೆಲ್‌ನಲ್ಲಿ) ಸೊನ್ನೆ ದಾಟಿತ್ತು, ಗ್ರಾಫ್ ನೋಡಿದ್ರೆ ಪಲ್ಲವಿಗೂ ಚರಣಕ್ಕೂ ಏರಿಳಿತಾನೇ ಇಲ್ಲ, ಚಪ್ಪಟೆ. ಇಂಥದ್ದನ್ನ ಸ್ಪಾಟಿಫೈ 6 ಡೆಸಿಬೆಲ್ ಇಳಿಸುತ್ತೆ. ಜೋರು ಮಾಡೋಕೆ ಅಂತ ಲಿಮಿಟರ್‌ನಲ್ಲಿ (ಎತ್ತರದ ಪೆಟ್ಟುಗಳನ್ನ ತಡೆಯೋ ಸಾಧನ) ಒತ್ತಿ ಒತ್ತಿ ತಬಲಾದ ಪೆಟ್ಟನ್ನೆಲ್ಲ ಕತ್ತರಿಸಿದ್ರಲ್ಲ, ಆ ಜೋರು ಹೋಯ್ತು, ಕತ್ತರಿಸಿದ ಪೆಟ್ಟು ಮಾತ್ರ ವಾಪಸ್ ಬರಲ್ಲ. ಅದೇ ಹಾಡು -14ಕ್ಕೆ ಉಸಿರಾಡೋ ಹಾಗೆ ಮಾಡಿದ್ದಿದ್ರೆ ಪೆಟ್ಟು -1ರವರೆಗೂ ಏಳ್ತಿತ್ತು, ಈಗ -6ರ ಆಸುಪಾಸಲ್ಲೇ ನಿಲ್ಲುತ್ತೆ. ಕೇಳೋರಿಗೆ ಎರಡೂ ಒಂದೇ ವಾಲ್ಯೂಮು, ಆದ್ರೆ ಒಂದರಲ್ಲಿ ಜೀವ ಇರುತ್ತೆ. ದುಡ್ಡು ಕೊಟ್ಟು ಹೀಗೆ ಮಾಡಿಸ್ಕೊಳ್ಳೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಹಾಗಂತ -14 ಅನ್ನೋದನ್ನ ವ್ರತದ ಥರ ಹಿಡ್ಕೋಬೇಡಿ. ರಾಕ್ ಹಾಡು -10 ಇದ್ರೂ ಚೆನ್ನಾಗೇ ಇರಬಹುದು. ಬರೀ ಗಿಟಾರ್, ದನಿ ಇರೋ ಹಾಡು -20ರಲ್ಲಿದ್ದು ಪೀಕ್ -3 ಇದ್ರೆ ಸ್ಪಾಟಿಫೈ ಅದನ್ನ 2 ಡೆಸಿಬೆಲ್ ಮಾತ್ರ ಏರಿಸುತ್ತೆ, ಯಾಕಂದ್ರೆ ಪೀಕ್ -1 ದಾಟೋಕೆ ಬಿಡಲ್ಲ, ಆಗ ಪಕ್ಕದ ಹಾಡಿನ ಮುಂದೆ ನಿಮ್ದು ಮೆತ್ತಗೇ. ಶುರುವಲ್ಲಿ ಉದ್ದ ಆಲಾಪ ಇರೋರು ಹೆದರಬೇಡಿ, ಹಾಡಿನ ಒಟ್ಟು ಮಟ್ಟಕ್ಕಿಂತ ತುಂಬಾ ಮೆತ್ತಗಿರೋ ಭಾಗನ ಈ ಅಳತೆ ಲೆಕ್ಕಕ್ಕೇ ತಗೊಳ್ಳಲ್ಲ.

ಟ್ರೂ ಪೀಕ್ ಮಾತ್ರ ಕಡ್ಡಾಯ ನೋಡಿ. ಸ್ಪಾಟಿಫೈ ಹೇಳೋದು -1ರ ಕೆಳಗಿರ್ಲಿ, ಹಾಡು -14ಕ್ಕಿಂತ ಜೋರಿದ್ರೆ -2ರ ಕೆಳಗೆ ಅಂತ. ಫೈಲ್ ಕಂಪ್ರೆಸ್ ಆಗುವಾಗ ಪೀಕ್ ಇನ್ನೂ ಸ್ವಲ್ಪ ಏಳುತ್ತೆ, ಹಾಡು ಒಡೆದ ಹಾಗೆ ಕೇಳಿಸೋದು ಆಗಲೇ.

ಮೀಟರ್‌ನ ಮಿತಿ ಅಂದ್ರೆ, ಮಿಕ್ಸ್ (ದನಿ, ವಾದ್ಯಗಳನ್ನ ಹದವಾಗಿ ಸೇರಿಸೋದು) ಕೆಟ್ಟಿದ್ರೆ ಇದು ಹೇಳಲ್ಲ. ಕೀಬೋರ್ಡ್‌ನ ಪ್ಯಾಡ್ (ಹಿಂದೆ ಉದ್ದ ಎಳೆಯೋ ಸ್ವರಗಳು) ಕೆಳಗೆ ದನಿ ಮುಳುಗಿ ಒತ್ತಕ್ಷರಗಳೆಲ್ಲ ನುಂಗಿ ಹೋಗಿದ್ರೂ -14 ಅಂತಾನೇ ತೋರಿಸುತ್ತೆ, ಭಾವಗೀತೆಲಿ ಸಾಹಿತ್ಯ ಕೇಳಿಸದಿದ್ರೆ ಇನ್ನೇನಿದೆ ಹೇಳಿ. ಮಾಸ್ಟರಿಂಗ್‌ನಲ್ಲಿ ಅದು ಸರಿಹೋಗಲ್ಲ, ಮಿಕ್ಸ್‌ಗೇ ವಾಪಸ್ ಹೋಗ್ಬೇಕು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ್ರೇ ಒಂದು ಸ್ಟ್ರೀಮು, 2024ರಿಂದ 12 ತಿಂಗಳಲ್ಲಿ 1000 ಸ್ಟ್ರೀಮ್ ಆಗದ ಹಾಡಿಗೆ ರಾಯಲ್ಟಿನೂ ಇಲ್ಲ. ಹಾಗಾಗಿ ಮೊದಲ ಸಾಲನ್ನ ಸ್ಟುಡಿಯೋ ಸ್ಪೀಕರ್ ಬಿಟ್ಟು ಸಾದಾ ಫೋನ್ ಸ್ಪೀಕರ್‌ನಲ್ಲಿ, ಬಸ್ಸಿನ ಗಲಾಟೆಲಿ ಕೇಳಿ ನೋಡಿ. ಒಳ್ಳೆ ಮಾಸ್ಟರಿಂಗ್ ಮಾಡಿದ ಮಾತ್ರಕ್ಕೆ ಪ್ಲೇಲಿಸ್ಟ್‌ಗೆ ಸೇರಿಸ್ಕೊಳ್ಳಲ್ಲ, ಆದ್ರೆ ಕೆಟ್ಟದ್ದಾದ್ರೆ ಕೇಳೋರು ಕಾಯಲ್ಲ, ಸ್ಕಿಪ್ ಮಾಡ್ತಾರೆ.

ಇನ್ನೊಂದು ಕೊರತೆ, ಪರದೆ ಮೇಲೆ ನಂಬರ್ ಜಾಸ್ತಿ. ಹೊಸಬರು ಮೊಮೆಂಟರಿ, ಶಾರ್ಟ್ ಟರ್ಮ್ ಎಲ್ಲ ಬಿಟ್ಟು ಇಂಟಿಗ್ರೇಟೆಡ್, ಟ್ರೂ ಪೀಕ್ ಎರಡೇ ನೋಡಿ ಸಾಕು. ಪ್ರೊ ವರ್ಷನ್ ಸದ್ಯಕ್ಕೆ ಬೇಡ, ಆ ದುಡ್ಡನ್ನ ದನಿ ಚೆನ್ನಾಗಿ ಕೂರಿಸೋ ಒಬ್ಬ ಮಿಕ್ಸ್ ಇಂಜಿನಿಯರ್‌ಗೆ ಕೊಡಿ.