ಮೈಸೂರಿನಲ್ಲಿ ಇಸಿಜಿ ಮಾಡಿಸಲು ಒಬ್ಬರೇ ಹೋಗುವ ಹೆಂಗಸರು ದಯವಿಟ್ಟು ಇದನ್ನು ಓದಿ

ಇದನ್ನು ಬರೆಯಲು ನನಗೆ 17 ದಿನ ಬೇಕಾಯಿತು. ಮೂರು ಸಲ ಬರೆದು ಹರಿದುಹಾಕಿದೆ. ಮೊದಲ ಸಲ ನಾಚಿಕೆಯಾಯಿತು, ಎರಡನೆಯ ಸಲ ಮನೆಯವರ ಮುಖ ನೆನಪಾಯಿತು, ಮೂರನೆಯ ಸಲ ಏಕೆ ಹರಿದೆನೆಂದು ನನಗೇ ಗೊತ್ತಿಲ್ಲ. ದೂರು ಇನ್ನೂ ವಿಚಾರಣೆಗೆ ಬರಬೇಕಾಗಿರುವುದರಿಂದ ಹೆಸರು ಬರೆಯಬೇಡಿ ಎಂದು ವಕೀಲರು ಹೇಳಿದ್ದಾರೆ, ಹಾಗಾಗಿ ಆ ಕೇಂದ್ರದ ಹೆಸರನ್ನಾಗಲಿ ಅದಿರುವ ಬಡಾವಣೆಯನ್ನಾಗಲಿ ಬರೆಯುತ್ತಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಅದು ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲವೂ ಒಂದೇ ಕಡೆ ಸಿಗುವ, ಎ.ಸಿ. ಇರುವ, ಟೋಕನ್ ಕೊಟ್ಟು ಕೂರಿಸುವ ದೊಡ್ಡ ಜಾಗ. ಇದನ್ನು ಹೇಳಲೇಬೇಕಾಗಿದೆ, ಏಕೆಂದರೆ ವಿಷಯ ಕೇಳಿದವರೆಲ್ಲ ಮೊದಲು ಕೇಳುವುದು "ಯಾವುದೋ ಸಣ್ಣ ಜಾಗಕ್ಕೆ ಹೋಗಿದ್ರಾ?" ಎಂದೇ.

ನನಗೆ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ವೈದ್ಯರು ನೋಡಬೇಕೆಂದು ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಮತ್ತು ಇಸಿಜಿ ಬರೆದುಕೊಟ್ಟಿದ್ದರು. ನಾನು ಮಂಡ್ಯದಲ್ಲಿ ಹೈಸ್ಕೂಲು ಶಿಕ್ಷಕಿ, ದಿನವೂ ರೈಲಿನಲ್ಲಿ ಓಡಾಡುವವಳು. ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಅಲ್ಲಿಗೆ ತಲುಪಿದೆ. ಬಿಲ್ಲಿನ ಮೇಲಿರುವ ಸಮಯ 1 ಗಂಟೆ 12 ನಿಮಿಷ. ಈ ಸಮಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಸಾಮಾನ್ಯವಾಗಿ ಇದು ಹೇಗೆ ನಡೆಯುತ್ತದೆಂದು ನಿಮಗೆಲ್ಲ ಗೊತ್ತು. ಹೆಸರು ಕೂಗುತ್ತಾರೆ, ಒಬ್ಬ ಸಿಸ್ಟರ್ ಒಳಗೆ ಕರೆದುಕೊಂಡು ಹೋಗುತ್ತಾರೆ, ಯಂತ್ರ ನಡೆಸುವವರು ಗಂಡಸಾಗಿದ್ದರೂ ಸಿಸ್ಟರ್ ಪಕ್ಕದಲ್ಲಿ ನಿಂತಿರುತ್ತಾರೆ. ನಾನೂ ಕೌಂಟರಿನಲ್ಲಿ ಕೇಳಿದೆ. "ಸಿಸ್ಟರ್ ಊಟಕ್ಕೆ ಹೋಗಿದಾರೆ ಮೇಡಂ, ಐದೇ ನಿಮಿಷದ ಕೆಲಸ, ನಮ್ಮ ಹುಡುಗ ತುಂಬಾ ಒಳ್ಳೆಯವನು" ಎಂದರು. ಹುಡುಗ ಒಳ್ಳೆಯವನೇ ಎಂದು ನಾನು ಕೇಳಿರಲಿಲ್ಲ. ಅಲ್ಲಿಂದಲೇ ವಾಪಸು ಬರಬೇಕಾಗಿತ್ತು. ಆದರೆ ಸಂಜೆಯೊಳಗೆ ರಿಪೋರ್ಟು ವೈದ್ಯರ ಕೈ ಸೇರಬೇಕಿತ್ತು, ಇನ್ನೊಂದು ದಿನ ರಜೆ ಸಿಗುವಂತಿರಲಿಲ್ಲ, ಐದೇ ನಿಮಿಷ ತಾನೇ ಎಂದುಕೊಂಡೆ.

ಟೆಕ್ನಿಷಿಯನ್‌ಗೆ ಸುಮಾರು ಮೂವತ್ತು ವರ್ಷವಿರಬಹುದು. (ದೂರಿನ ಪತ್ರದಲ್ಲಿ "ಅವರು" ಎಂದೇ ಬರೆದಿದ್ದೇನೆ, ಇಲ್ಲಿ ಮಾತ್ರ ಬಹುವಚನ ಬರೆಯಲು ನನ್ನ ಕೈ ಒಪ್ಪುತ್ತಿಲ್ಲ.) "ಬನ್ನಿ ಅಕ್ಕ" ಎಂದು ಕರೆದ. ನಮ್ಮ ಕಡೆ "ಅಕ್ಕ" ಎಂದರೆ ಅರ್ಧ ಭಯ ಹೋದ ಹಾಗೆ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವವರು, ಆಟೋದವರು, ರೈಲಿನಲ್ಲಿ ಕಡಲೆಕಾಯಿ ಮಾರುವ ಹುಡುಗರು, ಎಲ್ಲರಿಗೂ ನಾನು ಅಕ್ಕನೇ. ಆ ಮಾತು ಕೇಳಿದ್ದಕ್ಕೇ ಸಮಾಧಾನವಾಗಿ ಮಂಚದ ಮೇಲೆ ಮಲಗಿದೆ.

ಇಸಿಜಿಗೆ ಎದೆಯ ಮೇಲೆ ಆರು, ಕೈಕಾಲುಗಳಿಗೆ ನಾಲ್ಕು, ಒಟ್ಟು 10 ಕಡೆ ತಂತಿ ಜೋಡಿಸುತ್ತಾರೆ. ಜೋಡಿಸಿದ ಮೇಲೆ ಹೊದಿಕೆ ಹೊದಿಸಬಹುದು, ಅದರಿಂದ ಯಂತ್ರಕ್ಕೆ ಏನೂ ತೊಂದರೆಯಿಲ್ಲ. ಹೊದಿಕೆ ಅಲ್ಲೇ ಕುರ್ಚಿಯ ಮೇಲೆ ಮಡಿಸಿಟ್ಟಿತ್ತು. ಅವನು ಕೊಡಲಿಲ್ಲ, ನಾನು ಕೇಳಲಿಲ್ಲ. ತಂತಿಗಳನ್ನು ಹಾಕುತ್ತ, ತೆಗೆಯುತ್ತ, ಮತ್ತೆ ಹಾಕುತ್ತ, ಒಂದೊಂದೇ ಪ್ರಶ್ನೆ ಶುರುಮಾಡಿದ. ವಯಸ್ಸೆಷ್ಟು? 44. ಮದುವೆಯಾಗಿ ಎಷ್ಟು ವರ್ಷ? 19. ಮಕ್ಕಳೆಷ್ಟು? ಒಬ್ಬಳೇ ಮಗಳು. ನಾರ್ಮಲ್ಲಾ, ಸಿಸೇರಿಯನ್ನಾ? ಅದನ್ನೂ ಹೇಳಿದೆ. ಯಜಮಾನ್ರು ಎಲ್ಲಿ ಕೆಲಸ? ಬೆಂಗಳೂರಿನಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. "ಓ, ಹಾಗಾದ್ರೆ ವಾರವೆಲ್ಲಾ ಒಬ್ಬರೇನಾ?" ಅದಕ್ಕೂ ಹೌದೆಂದೆ. ನಂಬುತ್ತೀರೋ ಇಲ್ಲವೋ, ತರಗತಿಯಲ್ಲಿ ಹಾಜರಿ ಹೇಳುವ ಮಕ್ಕಳ ಹಾಗೆ ಒಂದೊಂದಕ್ಕೂ ವಿಧೇಯಳಾಗಿ ಉತ್ತರ ಕೊಟ್ಟೆ, ಏಕೆಂದರೆ ಇವೆಲ್ಲ ಫಾರಂನಲ್ಲಿ ತುಂಬಬೇಕಾದ ವಿವರಗಳೆಂದೇ ನನ್ನ ಭಾವನೆಯಾಗಿತ್ತು. ನಂತರ ಒಂದು ಮಾತಿಗೆ ಕತ್ತು ಹೊರಳಿಸಿ ನೋಡಿದೆ. ಅವನ ಕೈಯಲ್ಲಿ ಪೆನ್ನು ಇರಲಿಲ್ಲ. ಫಾರಂ ಇರಲಿಲ್ಲ. ಕಂಪ್ಯೂಟರ್ ಕೂಡ ಇರಲಿಲ್ಲ. ಅವನು ಮಂಚಕ್ಕೆ ಒರಗಿಕೊಂಡು, ಕೈಕಟ್ಟಿ, ನನ್ನನ್ನು ನೋಡುತ್ತ ನಿಂತಿದ್ದ.

ಆ ಕ್ಷಣವನ್ನು ಇಂದಿಗೂ ದಿನಕ್ಕೆ ಹತ್ತು ಸಲ ನೆನೆಯುತ್ತೇನೆ. ಪೆನ್ನು ಇರಲಿಲ್ಲ. ಇಷ್ಟು ಹೊತ್ತು ನಾನು ಹೇಳಿದ್ದನ್ನೆಲ್ಲ ಅವನು ಬರೆದುಕೊಳ್ಳುತ್ತಿರಲೇ ಇಲ್ಲ. ವೈದ್ಯಕೀಯ ಓದುತ್ತಿರುವ ನನ್ನ ತಂಗಿಯ ಮಗಳು ಆಮೇಲೆ ಹೇಳಿದಳು: "ದೊಡ್ಡಮ್ಮ, ಇಸಿಜಿ ತೆಗೆಯುವಾಗ ಮಾತಾಡಬೇಡಿ, ಅಲುಗಾಡಬೇಡಿ ಅಂತ ಹೇಳಬೇಕಾದವನೇ ಅವನು. ಮಾತಾಡಿದರೆ ಗೆರೆಯೇ ಸರಿಯಾಗಿ ಬರುವುದಿಲ್ಲ." ಸುಮ್ಮನಿರಿ ಎಂದು ಹೇಳಬೇಕಾದವನು ನನ್ನನ್ನು ಮಾತನಾಡಿಸುತ್ತಲೇ ಇದ್ದ!

ನಾನು ಉತ್ತರ ಕೊಡುವುದನ್ನು ನಿಲ್ಲಿಸಿದೆ. ಆಗ ಅವನು, "ಈ ವಯಸ್ಸಿಗೂ ಬಾಡಿ ಚೆನ್ನಾಗಿ ಮೇಂಟೇನ್ ಮಾಡಿದೀರ ಅಕ್ಕ, ಯಜಮಾನ್ರು ಅದೃಷ್ಟವಂತರು" ಎಂದ. ಯಂತ್ರದ ಕಡೆ ನೋಡಿ, "ಯಾಕೆ ಹಾರ್ಟು ಇಷ್ಟು ಜೋರಾಗಿ ಹೊಡ್ಕೊಳ್ತಿದೆ, ನಾನು ಪಕ್ಕದಲ್ಲಿದ್ದೀನಿ ಅಂತಾನಾ?" ಎಂದು ನಕ್ಕ. ಇವೆರಡನ್ನೂ ಅವನು ಆಡಿದ ಹಾಗೆಯೇ ಬರೆದಿದ್ದೇನೆ. ಇನ್ನೂ ಒಂದು ಮಾತಿದೆ, ಅದನ್ನು ದೂರಿನಲ್ಲಿ ಬರೆದಿದ್ದೇನೆ, ಇಲ್ಲಿ ಬರೆಯಲಾರೆ.

ನಾನು ಕೂಗಲಿಲ್ಲ. ಹೊಡೆಯಲಿಲ್ಲ. ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ "ಯಾರಾದರೂ ಹೀಗೆ ಮಾತಾಡಿದರೆ ಜೋರಾಗಿ ಕೂಗಿ" ಎಂದು ಪಾಠ ಹೇಳುವವಳು ನಾನು. ಸೀರೆ ಸರಿಮಾಡಿಕೊಂಡು ಎದ್ದು, ಬಾಗಿಲ ಹತ್ತಿರ ನಿಂತು, ರೂಢಿಬಲದಿಂದ ಅವನಿಗೆ "ಥ್ಯಾಂಕ್ಸ್" ಎಂದು ಹೇಳಿ ಬಂದೆ. ಅವನ ಮಾತಿಗಿಂತ ನನ್ನ ಆ ಥ್ಯಾಂಕ್ಸ್ ಇಂದಿಗೂ ಹೆಚ್ಚು ಚುಚ್ಚುತ್ತಿದೆ.

ಆಟೋದಲ್ಲಿ ಅರ್ಧ ದಾರಿ ಬಂದ ಮೇಲೆ ಸಿಟ್ಟು ಬಂತು. ಆಟೋ ತಿರುಗಿಸಿಕೊಂಡು ವಾಪಸು ಹೋದೆ. ಕೌಂಟರಿನವರು ಹೇಳಿದ್ದು: "ಅವನು ಹಾಗೇ ಮೇಡಂ, ಎಲ್ಲರ ಹತ್ರಾನೂ ತಮಾಷೆಯಾಗಿ ಮಾತಾಡ್ತಾನೆ, ಮನಸ್ಸಿಗೆ ಹಚ್ಕೋಬೇಡಿ." ಒಳಗಿನಿಂದ ಬಂದ ಮ್ಯಾನೇಜರ್ ಹೇಳಿದ್ದು: "ಆರು ವರ್ಷದಿಂದ ಇದ್ದಾನೆ, ಇದುವರೆಗೆ ಒಂದೇ ಒಂದು ಕಂಪ್ಲೇಂಟ್ ಬಂದಿಲ್ಲ." ಎಲ್ಲರ ಹತ್ತಿರವೂ ಹೀಗೇ ಮಾತನಾಡುತ್ತಾನಂತೆ, ಒಂದು ದೂರೂ ಬಂದಿಲ್ಲವಂತೆ. ಈ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೀವೇ ನೋಡಿ. ನಂತರ ಮ್ಯಾನೇಜರ್ ಧ್ವನಿ ತಗ್ಗಿಸಿ, ಬಹಳ ಉಪಕಾರ ಮಾಡುವವರ ಹಾಗೆ, "ಇಸಿಜಿ ಚಾರ್ಜ್ ವಾಪಸ್ ಕೊಡ್ತೀವಿ, ಮುಂದಿನ ಸಲ ಡಿಸ್ಕೌಂಟ್ ಕೊಡಿಸ್ತೀನಿ" ಎಂದರು. ಮುಂದಿನ ಸಲವಂತೆ! ಹೊರಗಿನ ಕ್ಯಾಮೆರಾದ ದೃಶ್ಯ ತೆಗೆದಿಡಿ ಎಂದು ಕೇಳಿದರೆ "ಅದು ತಾನೇ ಡಿಲೀಟ್ ಆಗ್ತಿರುತ್ತೆ" ಎಂಬ ಉತ್ತರ. ಘಟನೆ ನಡೆದು ಆಗ ಒಂದು ಗಂಟೆಯೂ ಆಗಿರಲಿಲ್ಲ.

ಆ ರಾತ್ರಿ 9 ಗಂಟೆಗೆ ನನ್ನ ವಾಟ್ಸಾಪ್‌ಗೆ ಸಂದೇಶ ಬಂತು: "ಅಕ್ಕ ಬೇಜಾರಾಯ್ತಾ, ಸಾರಿ, ಇದನ್ನ ದೊಡ್ಡದು ಮಾಡಬೇಡಿ." ರಿಪೋರ್ಟು ಕಳುಹಿಸಲೆಂದು ಬಿಲ್ಲಿಗೆ ಕೊಟ್ಟಿದ್ದ ನಂಬರ್ ಅದು. ವಾರವೆಲ್ಲ ಮನೆಯಲ್ಲಿ ಗಂಡ ಇರುವುದಿಲ್ಲ ಎಂದು ನಾನೇ ಬಾಯಿಬಿಟ್ಟು ಹೇಳಿದವನ ಕೈಯಲ್ಲಿ ನನ್ನ ನಂಬರ್ ಇದೆ. ಆ ರಾತ್ರಿ ಬಾಗಿಲಿನ ಚಿಲಕವನ್ನು ಎರಡೆರಡು ಸಲ ನೋಡಿ ಮಲಗಿದೆ.

ಮಾರನೆಯ ದಿನ ವೈದ್ಯರು ರಿಪೋರ್ಟು ನೋಡಿ, ಹೃದಯಬಡಿತ ನಿಮಿಷಕ್ಕೆ 112 ಇದೆ, 100ರೊಳಗೆ ಇರಬೇಕಿತ್ತು, ಇನ್ನೊಮ್ಮೆ ಮಾಡಿಸಿ ಎಂದರು. ಬೇರೆ ಕಡೆ ಮಾಡಿಸಿದೆ. ಅಲ್ಲಿ ಸಿಸ್ಟರ್ ಪರದೆ ಎಳೆದು, ಹೊದಿಕೆ ಹೊದಿಸಿ, ಮಾತಿಲ್ಲದೆ ಮುಗಿಸಿದರು. ಬಡಿತ 78. ನನ್ನ ಹೆದರಿಕೆಯೂ ಹೀಗೆ ಕಾಗದದ ಮೇಲೆ ಅಚ್ಚಾಗಿ ಉಳಿದಿದೆ. ಇನ್ನೊಂದು ವಿಷಯವೂ ಅದೇ ಕಾಗದದಲ್ಲಿದೆ. ಇಸಿಜಿ ಯಂತ್ರ ದಿನಾಂಕ ಮತ್ತು ಸಮಯವನ್ನು ತಾನೇ ಮುದ್ರಿಸಿದೆ: 1 ಗಂಟೆ 47 ನಿಮಿಷ. ಬಿಲ್ಲು ಮಾಡಿಸಿದ ಕೂಡಲೇ ಒಳಗೆ ಕರೆದಿದ್ದರು, ಕಾಯುವವರು ಯಾರೂ ಇರಲಿಲ್ಲ. ಐದು ನಿಮಿಷದ ಕೆಲಸಕ್ಕೆ ಮೂವತ್ತೈದು ನಿಮಿಷ ಏಕೆ ಹಿಡಿಯಿತೆಂಬ ಪ್ರಶ್ನೆಗೆ ಮ್ಯಾನೇಜರ್ ಇನ್ನೂ ಉತ್ತರಿಸಿಲ್ಲ. ಆದ್ದರಿಂದ ಬಿಲ್ಲು, ರಿಪೋರ್ಟು ಎರಡನ್ನೂ ಬಿಸಾಡಬೇಡಿ, ಸಂದೇಶ ಬಂದರೆ ಸಿಟ್ಟಿನಲ್ಲಿ ಅಳಿಸಬೇಡಿ.

ಸಿಸ್ಟರ್ ಊಟಕ್ಕೆ ಹೋಗಿದ್ದರೆ ಅವರ ಊಟ ಮುಗಿಯುವವರೆಗೆ ಹೊರಗೇ ಕುಳಿತಿರಿ. ಗಂಡಸು ಪರೀಕ್ಷೆ ಮಾಡುವಾಗ ಜೊತೆಗೆ ಒಬ್ಬ ಹೆಂಗಸು ಇರಬೇಕೆಂದು ಕೇಳುವುದು ನಿಮ್ಮ ಹಕ್ಕು; ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲೇ ಅದಿದೆ. ಫಾರಂ ಕೈಯಲ್ಲಿಲ್ಲದವನ ಪ್ರಶ್ನೆಗೆ ಉತ್ತರ ಕೊಡಬೇಡಿ. ಲೈಂಗಿಕ ಅರ್ಥದ ಮಾತು ಆಡುವುದು ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧವೆಂದು ವಕೀಲರು ತಿಳಿಸಿದರು. ಪೊಲೀಸ್ ಠಾಣೆಗೆ ಹೋಗುವ ವಿಷಯ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಮಗಳ ಮುಂದೆ ಮಾತನಾಡಬೇಡಿ ಎನ್ನುತ್ತಾರೆ ಅತ್ತೆ, ಮಗಳೇ ಮುಂದೆ ನಿಂತು ಹೋಗೋಣ ಎನ್ನುತ್ತಿದ್ದಾಳೆ.

ನಾನು ಹಿಡಿದಿರುವುದು 2013ರ ಕಾಯ್ದೆಯ ದಾರಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಕಾಯ್ದೆ ಅಲ್ಲಿನ ಉದ್ಯೋಗಿಗಳಿಗೆ ಮಾತ್ರವೆಂದು ನಾನೂ ಇಷ್ಟು ದಿನ ತಿಳಿದಿದ್ದೆ. ಹಾಗಲ್ಲ, ಅಲ್ಲಿಗೆ ಬಂದ ಯಾವ ಮಹಿಳೆಯೂ, ರೋಗಿಯೂ, ದೂರು ಕೊಡಬಹುದು, ಮೂರು ತಿಂಗಳೊಳಗೆ ಕೊಡಬೇಕು. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯ ಸದಸ್ಯರ ಹೆಸರು ಕೊಡಿ ಎಂದು ಕೇಳಿದ್ದಕ್ಕೆ ಮ್ಯಾನೇಜರ್ ನೀಡಿದ ಉತ್ತರ: "ನಮ್ಮಲ್ಲಿ ಇರೋದೇ ಒಂಬತ್ತು ಜನ ಮೇಡಂ." ಕೌಂಟರಿನಲ್ಲಿ ಮೂವರು, ರಕ್ತ ತೆಗೆಯುವವರು ಇಬ್ಬರು, ಲ್ಯಾಬಿನೊಳಗೆ ಮೂವರು, ಎಕ್ಸ್‌ರೇಯವರು, ಸ್ಕ್ಯಾನಿಂಗ್‌ನವರು, ಸಿಸ್ಟರ್, ವಾಚ್‌ಮನ್, ಇವನು, ಮ್ಯಾನೇಜರ್. ಲೆಕ್ಕ ಪಾಠ ಹೇಳುವವಳ ಮುಂದೆ ಒಂಬತ್ತು ಎಂದರು.

ಆಂತರಿಕ ಸಮಿತಿ ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬೇಕು, ದೂರಿನ 6 ಪ್ರತಿ ಬೇಕು. ಹೋದ ಸೋಮವಾರ ನಾಲ್ಕು ಪುಟದ ದೂರನ್ನು ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಮೊದಲ ಪುಟವನ್ನು ಗಾಜಿನ ಮೇಲಿಡುವಾಗ ಒಂದೆರಡು ಸಾಲು ಓದಿದನೆಂದು ಕಾಣುತ್ತದೆ. ಉಳಿದ ಪುಟಗಳನ್ನು ಓದದೆ ಮಗುಚಿಟ್ಟುಕೊಂಡೇ ತೆಗೆದ, ಆರು ಪ್ರತಿಗಳಿಗೂ ಪಿನ್ ಹೊಡೆದ, ಕೇಳದಿದ್ದರೂ ಒಂದು ಕವರಿನೊಳಗೆ ಹಾಕಿದ. "ನಲವತ್ತೆಂಟು ರೂಪಾಯಿ ಅಕ್ಕ" ಎಂದ. ಅವನೇನೂ ತಪ್ಪು ಮಾಡಿರಲಿಲ್ಲ. ಆದರೂ ಐವತ್ತರ ನೋಟು ಮೇಜಿನ ಮೇಲಿಟ್ಟು, ಚಿಲ್ಲರೆಗೆ ನಿಲ್ಲದೆ ಹೊರಗೆ ಬಂದುಬಿಟ್ಟೆ.