ಆರ್‌ಸಿ ವಿಮಾನ ಹಾರಿಸುವವರಿಗೆ ಡಿಜಿಟಲ್ ಸ್ಕೈ ನಕ್ಷೆ: ಐದಕ್ಕೆ ನಾಲ್ಕು

ಬೆಂಗಳೂರಿನ ಸುತ್ತಮುತ್ತ ಆರ್‌ಸಿ ವಿಮಾನ (ರಿಮೋಟ್‌ನಿಂದ ನಡೆಸುವ ಪುಟ್ಟ ಮಾಡೆಲ್ ವಿಮಾನ) ಹಾರಿಸುವ ಹುಚ್ಚು ಇದ್ದರೆ, ಬ್ಯಾಟರಿ ಚಾರ್ಜ್‌ಗೆ ಹಾಕುವ ಮೊದಲೇ ಡಿಜಿಟಲ್ ಸ್ಕೈ ಜಾಲತಾಣದ ಈ ನಕ್ಷೆ ತೆರೆದು ನೋಡಿ, ಎಲ್ಲಿ ಹಾರಿಸಬಹುದು, ಎಲ್ಲಿ ಅನುಮತಿ ಬೇಕು ಅಂತ ತೋರಿಸುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಿಟ್ಟದ್ದು, ಲಾಗಿನ್ ಬೇಡ, ದುಡ್ಡೂ ಬೇಡ. "ಡ್ರೋನ್ ನಿಯಮ ನಮಗ್ಯಾಕೆ, ನಮ್ಮದು ಫೋಮ್ ವಿಮಾನ" ಅನ್ನುವವರು ಜಾಸ್ತಿ ಇದ್ದಾರೆ. ಅದು ತಪ್ಪು. 2021ರ ಡ್ರೋನ್ ನಿಯಮಗಳಲ್ಲಿ 25 ಕಿಲೋವರೆಗಿನ ಮಾಡೆಲ್ ವಿಮಾನಗಳೂ ಬರುತ್ತವೆ. ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಕೊಡುವ ಸರ್ಕಾರಿ ಪ್ರಮಾಣಪತ್ರ) ಬೇಕಿಲ್ಲ ಅಷ್ಟೆ, ಆಕಾಶದ ನಿಯಮ ಎಲ್ಲರಿಗೂ ಒಂದೇ.

ಬಣ್ಣ ನೋಡಿದರೆ ಸಾಕು, ವಿಷಯ ಗೊತ್ತಾಗುತ್ತದೆ. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ಪಟ್ಟಿಯಲ್ಲಿ ಅದು 200 ಅಡಿಗೆ ಇಳಿಯುತ್ತದೆ. ಹಳದಿಯಲ್ಲಿ ಏಟಿಸಿ (ವಿಮಾನ ಸಂಚಾರ ನಿಯಂತ್ರಣ) ಅನುಮತಿ ಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದೇ ಬೇಕು. ನಮ್ಮ ಊರಿನ ಕಷ್ಟ ಏನೆಂದರೆ, ಬಳ್ಳಾರಿ ರಸ್ತೆ ಹಿಡಿದು ಹೊರಟರೆ ಜಕ್ಕೂರಿನ ಸಣ್ಣ ವಿಮಾನ ನಿಲ್ದಾಣ, ಯಲಹಂಕ ವಾಯುನೆಲೆ, ದೇವನಹಳ್ಳಿಯ ದೊಡ್ಡ ವಿಮಾನ ನಿಲ್ದಾಣ ಒಂದರ ಹಿಂದೆ ಒಂದು ಬರುತ್ತವೆ, ಪೂರ್ವಕ್ಕೆ ಹೋದರೆ ಎಚ್‌ಎಎಲ್ ವಿಮಾನ ನಿಲ್ದಾಣ. ಖಾಲಿ ಬಯಲು ಕಂಡಿತು ಅಂತ ಸುಮ್ನೆ ವಿಮಾನ ಹಾರಿಸಿಬಿಡುವ ಹಾಗಿಲ್ಲ.

ಇಷ್ಟು ದೂರದ ಲೆಕ್ಕ ಯಾಕೆ ಅಂತ ಕೇಳುವವರಿಗೆ ಒಂದು ಮಾತು. ಇಳಿಯುವ ದೊಡ್ಡ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಅಂದರೆ ನೆಲ ಮುಟ್ಟುವ ಜಾಗಕ್ಕೆ 2 ಕಿಲೋಮೀಟರ್ ಇರುವಾಗ ಅದು ಬರೀ 340 ಅಡಿ ಎತ್ತರದಲ್ಲಿರುತ್ತದೆ! ನಮ್ಮ ವಿಮಾನ ಆರಾಮಾಗಿ ಸುತ್ತುವ ಎತ್ತರವೂ ಅದೇ ಅಲ್ವಾ? ಫೋಮ್ ಮೆತ್ತಗಿರಬಹುದು, ಒಳಗಿನ ಮೋಟರ್, ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಮೆತ್ತಗಿಲ್ಲ.

ಒಂದು ಅಂಕ ಕಳೆದಿದ್ದಕ್ಕೆ ಕಾರಣ ಇದೆ. ಈ ಕ್ಷಣ ಮೇಲೆ ಯಾವ ವಿಮಾನ ಇದೆ ಅಂತ ಬಣ್ಣ ಹೇಳುವುದಿಲ್ಲ. ಹಸಿರಿನಲ್ಲೂ ತರಬೇತಿ ವಿಮಾನವೋ ಹೆಲಿಕಾಪ್ಟರೋ ಕೆಳಗೆ ಬರಬಹುದು. ಜನ ಇರುವ ವಿಮಾನಕ್ಕೇ ದಾರಿಯ ಹಕ್ಕು, ನಾವೇ ದೂರ ಇರಬೇಕು ಅಂತ ನಿಯಮವೂ ಹೇಳುತ್ತದೆ. ಹಾಗಾಗಿ ಪಕ್ಕದಲ್ಲಿ ಆಕಾಶ ನೋಡುವುದಕ್ಕೇ ಒಬ್ಬರು ಇರಲಿ, ಸದ್ದು ಕೇಳಿದ ಕೂಡಲೇ ಇಳಿಸಿ. ಮೊನ್ನೆ ನೋಡಿದ್ದ ನಕ್ಷೆ ನಂಬಿಕೊಂಡು ಹೋಗಬೇಡಿ. ಪೊಲೀಸರು 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು, ಹೊರಡುವ ದಿನವೇ ಮತ್ತೆ ನೋಡಿ. ಊರುಗಳ ಹೆಸರು, ಸೂಚನೆಗಳು ಕನ್ನಡದಲ್ಲೂ ಬಂದರೆ ಹೊಸದಾಗಿ ಶುರು ಮಾಡುವ ಶಾಲಾ ಮಕ್ಕಳಿಗೆ ತುಂಬಾ ಅನುಕೂಲ.